ಲೈವ್ ಫುಡ್ ಫೀಡರಿನ ಪೈಪನ್ನು ಟ್ಯಾಂಕಿಗೆ ಇಳಿಬಿಡುವ ಮುನ್ನ

ಪ್ಲಾಸ್ಟಿಕ್ ಬಾಟಲಿಯನ್ನು ತಲೆಕೆಳಗಾಗಿ ತೂಗುಹಾಕಿ, ಅದರಲ್ಲಿ ಬ್ರೈನ್ ಶ್ರಿಂಪ್ (ಮೀನಿಗೆ ಹಾಕುವ, ಉಪ್ಪುನೀರಿನ ಸಿಗಡಿಯಂಥ ಪುಟ್ಟ ಜೀವಿ) ಮೊಟ್ಟೆ ಒಡೆಸಿ ಮರಿ ಮಾಡಿ, ಮುಚ್ಚಳದಿಂದ ಸಣ್ಣ ಪೈಪ್ ಎಳೆದು ಹನಿಹನಿಯಾಗಿ ಅಕ್ವೇರಿಯಂಗೇ ಬಿಡುವ ಫೀಡರ್ ಮಾಡಬೇಕೆಂದು ಯಾರಾದರೂ ಹೊರಟಿದ್ದರೆ, ದಯವಿಟ್ಟು ಮಾಡಬೇಡಿ. ಬಾಟಲಿಯಲ್ಲಿ ಮೊಟ್ಟೆ ಒಡೆಸುವುದರ ಬಗ್ಗೆ ನನ್ನ ತಕರಾರಿಲ್ಲ, ಅದು ಚೆನ್ನಾಗಿಯೇ ಆಗುತ್ತದೆ. ತಕರಾರಿರುವುದು ಆ ಪೈಪಿನ ಬಗ್ಗೆ. ನನ್ನ ಟ್ಯಾಂಕಿನ ಅರ್ಧಕ್ಕರ್ಧ ಮೀನು ಹೋದದ್ದು ಅದರಿಂದಲೇ.

ನಾನು ಸಾಕಿದ್ದು ಸ್ಕಾರ್ಲೆಟ್ ಬಾಡಿಸ್. ಬ್ರಹ್ಮಪುತ್ರಾ ನದಿಯ ಸುತ್ತಲಿನ ತೊರೆಗಳ ಮೀನು, ಎರಡು ಸೆಂಟಿಮೀಟರ್ ಆದರೆ ಹೆಚ್ಚು. ಗಂಡು ಕೆಂಪಗೆ, ಮೈಮೇಲೆ ತಿಳಿನೀಲಿ ಪಟ್ಟೆ. ನೋಡಲು ಚೆಂದ, ಊಟ ಹಾಕಲು ಶಿಕ್ಷೆ. ಒಣ ಆಹಾರ ಎಷ್ಟೇ ದುಬಾರಿಯದಾದರೂ ಅದಕ್ಕೆ ಅದು ಕಸ. ಕಣ್ಣೆದುರು ಅಲುಗಾಡಬೇಕು, ಆಗ ಮಾತ್ರ ಹತ್ತಿರ ಬರುತ್ತದೆ. ಬಂದಮೇಲೂ ಅವಸರವಿಲ್ಲ. ಮೈ ಓರೆ ಮಾಡಿ ಒಂದು ಕಣ್ಣಿನಲ್ಲಿ ನೋಡುತ್ತದೆ, ಸ್ವಲ್ಪ ಹಿಂದೆ ಸರಿಯುತ್ತದೆ, ಮತ್ತೆ ನೋಡುತ್ತದೆ, ಆಮೇಲೆ ಟಕ್ಕನೆ ಬಾಯಿ. ಇಂಥ ಮೀನಿಗೆ ದಿನಕ್ಕೆ ಒಂದು ಸಲ ಸುರಿಯುವುದಕ್ಕಿಂತ ಇಡೀ ದಿನ ಸ್ವಲ್ಪ ಸ್ವಲ್ಪ ಕೊಡುವುದು ಒಳ್ಳೆಯದು ಅನಿಸುವುದು ಸಹಜ. ಹನಿ ಫೀಡರಿನ ಆಕರ್ಷಣೆ ಇರುವುದೇ ಅಲ್ಲಿ.

ಸಾಮಾನು ಇಷ್ಟೇ: ಬುಡ ಕತ್ತರಿಸಿದ ಒಂದು ಲೀಟರ್ ಬಾಟಲಿ, ಮುಚ್ಚಳಕ್ಕೆ ತೂತು ಕೊರೆದು ಸಿಕ್ಕಿಸಿದ ಏರ್ ಪೈಪ್, ಅದರ ನಡುವೆ ಹನಿ ಹಿಡಿತಕ್ಕೆ ಒಂದು ಪ್ಲಾಸ್ಟಿಕ್ ವಾಲ್ವ್, ಮೇಲಿನಿಂದ ಗಾಳಿ ಬಿಡಲು ಇನ್ನೊಂದು ಪೈಪ್. ಲೀಟರಿಗೆ 25ರಿಂದ 35 ಗ್ರಾಂ ಉಪ್ಪು, 26ರಿಂದ 28 ಡಿಗ್ರಿ ಬೆಚ್ಚಗೆ, ನೀರು ಕುದಿಯುವ ಹಾಗೆ ಗಾಳಿ. 24ರಿಂದ 36 ಗಂಟೆಯೊಳಗೆ ಬಾಟಲಿಯ ತುಂಬ ಕಿತ್ತಳೆ ಬಣ್ಣದ ಮರಿಗಳು. ಒಂದೊಂದೂ ಅರ್ಧ ಮಿಲಿಮೀಟರಿನ ಆಸುಪಾಸು, ಬಾಡಿಸ್ ಬಾಯಿಗೆ ಸರಿಯಾದ ಅಳತೆ. ಮರಿಗಳು ಬೆಳಕಿನ ಕಡೆ ಈಜುತ್ತವೆ, ಆದ್ದರಿಂದ ಬಾಟಲಿಯ ಕುತ್ತಿಗೆಯ ಹತ್ತಿರ ಲೈಟ್ ಇಟ್ಟರೆ ತಾವಾಗಿಯೇ ಪೈಪಿನ ಬಾಯಿಗೆ ಬರುತ್ತವೆ. ವಿಡಿಯೋಗಳಲ್ಲಿ ತೋರಿಸುವುದು ಇಷ್ಟನ್ನು, ಅದೂ ಮೊದಲ ಅರ್ಧ ಗಂಟೆಯನ್ನು ಮಾತ್ರ.

ತೋರಿಸದೆ ಬಿಡುವ ಸಂಗತಿ ಒಂದಿದೆ. ಮರಿಗಳು ಬೆಳಕಿನತ್ತ ಸೇರಿ ನಿಲ್ಲಬೇಕಾದರೆ ನೀರು ನಿಶ್ಚಲವಾಗಿರಬೇಕು, ಅಂದರೆ ಗಾಳಿ ನಿಲ್ಲಿಸಬೇಕು. ಗಾಳಿ ನಿಲ್ಲಿಸಿದರೆ ಅಷ್ಟು ಒತ್ತೊತ್ತಾಗಿ ತುಂಬಿರುವ ಮರಿಗಳು ಬಹಳ ಹೊತ್ತು ಬದುಕುವುದಿಲ್ಲ. ಗಾಳಿ ಬಿಟ್ಟೇ ಇಟ್ಟರೆ ಮರಿ, ಚಿಪ್ಪು, ಒಡೆಯದ ಮೊಟ್ಟೆ, ಉಪ್ಪುನೀರು ಎಲ್ಲ ಕಲಸಿಕೊಂಡು ಒಟ್ಟಿಗೇ ಪೈಪಿಗಿಳಿಯುತ್ತವೆ. ಬದುಕಿದ ಮರಿಯನ್ನಷ್ಟೇ ಆರಿಸಿ ಕೊಡುವ ದಾರಿ ಈ ವ್ಯವಸ್ಥೆಯಲ್ಲಿ ಇಲ್ಲವೇ ಇಲ್ಲ. ವಾಲ್ವ್ ಬದಲಿಸಿದರೂ, ಟೈಮರ್ ಹಾಕಿದರೂ ಇದು ಬದಲಾಗದು.

ಇನ್ನು ವಾಲ್ವಿನ ಕಥೆ. ಒಡೆಯದ ಮೊಟ್ಟೆಗಳು ತಳಕ್ಕೆ ಇಳಿಯುತ್ತವೆ, ಇಲ್ಲಿ ತಳವೆಂದರೆ ಬಾಟಲಿಯ ಕುತ್ತಿಗೆ. ಕಂದು ಪುಡಿಯಂತೆ ಅಲ್ಲಿ ಕೂತು ವಾಲ್ವಿನ ಸಂದಿಯನ್ನು ಕಟ್ಟುತ್ತವೆ. ಹನಿ ನಿಲ್ಲುತ್ತದೆ. ಹನಿ ನಿಂತಾಗ ಯಾರೇ ಆದರೂ ಮಾಡುವುದು ವಾಲ್ವನ್ನು ಚೂರು ಸಡಿಲಿಸುವುದು. ಮತ್ತೆ ಹನಿಯುತ್ತದೆ, ಮತ್ತೆ ಕಟ್ಟುತ್ತದೆ, ಮತ್ತೆ ಸಡಿಲಿಸುತ್ತೀರಿ. ಕೊನೆಗೆ ವಾಲ್ವ್ ಮುಕ್ಕಾಲು ತೆರೆದಿರುತ್ತದೆ, ನೀರನ್ನು ಹಿಡಿದಿಟ್ಟಿರುವುದು ಆ ಮೊಟ್ಟೆಪುಡಿಯ ಬಿರಡೆ ಮಾತ್ರ.

ಮನೆಯಲ್ಲಿ ಯಾರೂ ಇಲ್ಲದ ಹೊತ್ತಿನಲ್ಲಿ ಕರೆಂಟ್ ಹೋಯಿತು. ಪಂಪ್ ನಿಂತಿತು, ಮರಿಗಳು ಸತ್ತು ಕುತ್ತಿಗೆಗೆ ಇಳಿದವು. ಕರೆಂಟ್ ಬಂದಾಗ ಗಾಳಿ ಮತ್ತೆ ನುಗ್ಗಿ ಎಲ್ಲವನ್ನೂ ಕದಡಿತು, ಬಿರಡೆ ಕಿತ್ತಿತು, ಬಾಟಲಿ ಪೂರ್ತಿ ಟ್ಯಾಂಕಿಗೆ ಇಳಿಯಿತು. ನಾನು ಬರುವ ಹೊತ್ತಿಗೆ ನೀರು ಅಕ್ಕಿ ತೊಳೆದ ನೀರಿನ ಬಣ್ಣಕ್ಕೆ ತಿರುಗಿತ್ತು. ಸದಾ ಗಿಡದ ಬುಡದಲ್ಲಿ ಅವಿತಿರುವ ಬಾಡಿಸ್‌ಗಳು ಮೇಲ್ಮೈಗೆ ಬಂದು ಬಾಯಿ ತೆರೆದು ಗುಟುಕರಿಸುತ್ತಿದ್ದವು. ಈ ಮೀನು ತಾನಾಗಿ ಮೇಲೆ ಬಂದಿದೆ ಎಂದರೆ ಅದು ಒಳ್ಳೆಯ ಸುದ್ದಿಯಲ್ಲ.

ಉಪ್ಪಿನಿಂದ ಸತ್ತವು ಎಂದು ಹಲವರು ಹೇಳಿದರು. ನನಗೆ ಒಪ್ಪಿಗೆಯಿಲ್ಲ. ಬಾಟಲಿಯಲ್ಲಿ ಇದ್ದದ್ದು 30 ಗ್ರಾಂ ಉಪ್ಪು, ಟ್ಯಾಂಕ್ 30 ಲೀಟರಿನದು. ಲೀಟರಿಗೆ ಒಂದು ಗ್ರಾಂ ಬಿತ್ತು, ಅಷ್ಟನ್ನು ಹೆಚ್ಚಿನ ಸಿಹಿನೀರಿನ ಮೀನುಗಳು ತಡೆದುಕೊಳ್ಳುತ್ತವೆ. ಕೊಂದದ್ದು ಅದರ ಜೊತೆ ಬಂದದ್ದು. ಬ್ರೈನ್ ಶ್ರಿಂಪ್ ಮೊಟ್ಟೆ ಒಡೆಯುವಾಗ ಗ್ಲಿಸರಾಲ್ ಹೊರಬಿಡುತ್ತದೆ, ಬ್ಯಾಕ್ಟೀರಿಯಾ ಅದನ್ನೇ ತಿಂದು ಬೆಳೆಯುತ್ತದೆ. ಹೀಗಾಗಿ ಮೊಟ್ಟೆ ಒಡೆಸಿದ ನೀರೇ ಹೊಲಸು. ಅದರ ಮೇಲೆ ಸತ್ತ ಮರಿಗಳ ರಾಶಿ. ಬದುಕಿ ಬಂದ ಮರಿಗಳೂ ಸಿಹಿನೀರಿನಲ್ಲಿ ಕೆಲವು ಗಂಟೆಗಳಷ್ಟೇ ಬಾಳುತ್ತವೆ, ತಿನ್ನದೆ ಉಳಿದದ್ದೂ ಕೊಳೆಯುವ ಸಾಲಿಗೇ ಸೇರುತ್ತದೆ. ಕೊಳೆಸುವ ಬ್ಯಾಕ್ಟೀರಿಯಾ ನೀರಿನ ಆಮ್ಲಜನಕವನ್ನು ಎಳೆದುಕೊಳ್ಳುತ್ತದೆ, ಇತ್ತ ಅಮೋನಿಯಾ ಏರುತ್ತದೆ, ಸಣ್ಣ ಸ್ಪಂಜ್ ಫಿಲ್ಟರಿಗೆ ಅಷ್ಟನ್ನು ನಿಭಾಯಿಸಲು ಆಗುವುದಿಲ್ಲ. ನೀರಿನ ಪಿಎಚ್ ಹೆಚ್ಚಿದ್ದಷ್ಟೂ ಅದೇ ಅಮೋನಿಯಾ ಇನ್ನಷ್ಟು ವಿಷ.

ಯಾರಿಗಾದರೂ ಈಗಾಗಲೇ ಹೀಗಾಗಿದ್ದರೆ: ಕ್ಲೋರಿನ್ ತೆಗೆದ, ಅದೇ ಬಿಸಿಯ ನೀರಿನಿಂದ ಅರ್ಧ ಟ್ಯಾಂಕ್ ಬದಲಿಸಿ, ತಳದಲ್ಲಿ ಕೂತದ್ದನ್ನು ಪೈಪಿನಿಂದ ಎಳೆದು ತೆಗೆಯಿರಿ, ಏರ್‌ಸ್ಟೋನ್ (ಗಾಳಿಗುಳ್ಳೆ ಬಿಡುವ ಕಲ್ಲು) ಜೋರಾಗಿ ಬಿಡಿ, ಊಟ ನಿಲ್ಲಿಸಿ. ಮರುದಿನ ಅಮೋನಿಯಾ ಅಳೆದು, ಬೇಕಿದ್ದರೆ ಇನ್ನೊಮ್ಮೆ ನೀರು ಬದಲಿಸಿ. ಫಿಲ್ಟರ್ ಸ್ಪಂಜನ್ನು ನಲ್ಲಿ ನೀರಿನಲ್ಲಿ ತೊಳೆಯುವ ಆಸೆ ಬರುತ್ತದೆ, ಬೇಡ. ಉಳಿದ ಒಳ್ಳೆಯ ಬ್ಯಾಕ್ಟೀರಿಯಾ ಇರುವುದು ಅದರಲ್ಲೇ.

ಉಳಿದ ಮೀನುಗಳು ಚೇತರಿಸಿಕೊಂಡ ಮೇಲೆ ಎರಡನೆಯ ಕಾಟ ಶುರುವಾಯಿತು. ಗಾಜಿನ ಮೇಲೆ ದಾರದ ಎಳೆಯಂಥ ಬಿಳಿ ಜೀವಿಗಳು, ತುದಿಯಲ್ಲಿ ಹರಡಿದ ಕೈಗಳು. ಉಗುರಿನಿಂದ ಮುಟ್ಟಿದರೆ ಚುಕ್ಕೆಯಾಗಿ ಮುದುಡಿಕೊಳ್ಳುತ್ತಿದ್ದವು. ಹೈಡ್ರಾ. ಗಿಡದ ಜೊತೆಗೋ ಇನ್ನಾವುದರ ಜೊತೆಗೋ ಒಂದೆರಡು ಮೊದಲೇ ಬಂದಿದ್ದಿರಬೇಕು. ಪ್ರಯೋಗಾಲಯಗಳಲ್ಲಿ ಹೈಡ್ರಾ ಸಾಕುವುದೇ ಬ್ರೈನ್ ಶ್ರಿಂಪ್ ಮರಿ ಹಾಕಿ, ಅಂದಮೇಲೆ ಹನಿ ಫೀಡರ್ ಇರುವ ಟ್ಯಾಂಕಿನಲ್ಲಿ ಅವು ಹೆಚ್ಚದೆ ಇರುತ್ತವೆಯೇ? ಬೆಳೆದ ಮೀನಿಗೆ ಏನೂ ಆಗುವುದಿಲ್ಲ, ಮೀನುಮರಿಗಳಿದ್ದರೆ ಹೈಡ್ರಾ ಅವನ್ನು ಹಿಡಿದು ತಿನ್ನುತ್ತದೆ.

ಇದೇ ಜಾತಿಯ ಇನ್ನೂ ಕೆಲವು ಅಪಾಯಗಳನ್ನು ಹೇಳಿಬಿಡುತ್ತೇನೆ. ಬೂಷ್ಟು ಹಿಡಿಯದಂತೆ ಔಷಧ ಬೆರೆಸಿದ ಬಾತ್‌ರೂಂ ಸಿಲಿಕೋನ್ ಅಕ್ವೇರಿಯಂ ಹತ್ತಿರವೂ ಬರಬಾರದು. ಹಿತ್ತಾಳೆ ವಾಲ್ವ್ ಗಟ್ಟಿಮುಟ್ಟು ನಿಜ, ಆದರೆ ಅದರಲ್ಲಿ ತಾಮ್ರವಿದೆ, ಸಿಗಡಿ ಮತ್ತು ಬಸವನಹುಳು ಇರುವ ಟ್ಯಾಂಕಿಗೆ ಅದು ವಿಷ. ಏರ್ ಪಂಪ್ ಬಾಟಲಿಯ ನೀರಿಗಿಂತ ಕೆಳಗಿದ್ದರೆ ಕರೆಂಟ್ ಹೋದಾಗ ಉಪ್ಪುನೀರು ಪೈಪಿನಲ್ಲಿ ಹಿಂದಕ್ಕೆ ಇಳಿದು ಪಂಪಿಗೇ ಸೇರಬಹುದು. ಅಲ್ಲಿಂದ ಪ್ಲಗ್ಗಿಗೆ ಎಷ್ಟು ದೂರ ಅಂತ ನೀವೇ ನೋಡಿ. ಒಂದೇ ದಿಕ್ಕಿಗೆ ಹರಿಯಬಿಡುವ ಒಂದು ಚೆಕ್ ವಾಲ್ವ್ ಹಾಕಿದರೆ ಇದು ತಪ್ಪುತ್ತದೆ.

ಈಗ ಬಾಟಲಿ ಟ್ಯಾಂಕಿನಿಂದ ದೂರದ ಮೇಜಿನ ಮೇಲಿದೆ. ಗಾಳಿ ನಿಲ್ಲಿಸಿ ಹತ್ತು ನಿಮಿಷ ಬಿಟ್ಟರೆ ಚಿಪ್ಪು ಮೇಲೆ ತೇಲುತ್ತದೆ, ಮೊಟ್ಟೆ ತಳಕ್ಕೆ ಹೋಗುತ್ತದೆ, ಮರಿಗಳು ಬೆಳಕಿನ ಹತ್ತಿರ ಕಿತ್ತಳೆ ಮೋಡದಂತೆ ಸೇರುತ್ತವೆ. ಮೊದಲು ಬರುವ ಕಂದು ನೀರನ್ನು ಚೆಲ್ಲಿ, ಮರಿಗಳನ್ನು ನಯವಾದ ಜಾಲರಿಯಲ್ಲಿ ಹಿಡಿದು, ಸಿಹಿನೀರಿನಲ್ಲಿ ತೊಳೆದು, ಪಿಪೆಟ್ಟಿನಲ್ಲಿ ಮೀನಿನ ಮುಂದೆಯೇ ಬಿಡುತ್ತೇನೆ. ಚಿಪ್ಪು ಜೀರ್ಣವಾಗುವುದಿಲ್ಲ, ಸಣ್ಣ ಮೀನುಮರಿಗಳ ಕರುಳು ಕಟ್ಟಬಹುದು, ಹಾಗಾಗಿ ಈ ಬೇರ್ಪಡಿಸುವ ಕೆಲಸ ತಪ್ಪಿಸಬೇಡಿ. ಬೇಸರವೆಂದರೆ ಚಿಪ್ಪು ತೆಗೆದ ಮೊಟ್ಟೆಗಳೇ ಸಿಗುತ್ತವೆ. ಉಳಿದ ಮರಿಗಳನ್ನು ಉಪ್ಪುನೀರಿನಲ್ಲಿ ಫ್ರಿಜ್ಜಿನಲ್ಲಿಟ್ಟರೆ ಮರುದಿನಕ್ಕೂ ಆಗುತ್ತದೆ, ಹೊರಗಿಟ್ಟರೆ ಮೈಯಲ್ಲಿರುವ ಮೊಟ್ಟೆಯ ಹಳದಿಯನ್ನು ಕರಗಿಸಿಕೊಂಡು ಸತ್ವ ಕಳೆದುಕೊಳ್ಳುತ್ತವೆ.

ದಿನವಿಡೀ ಟ್ಯಾಂಕಿನಲ್ಲಿ ಏನಾದರೂ ಓಡಾಡುತ್ತಿರಲೇಬೇಕು ಎನ್ನುವವರು ಡಾಫ್ನಿಯಾ (ನೀರುಚಿಗಟ) ಸಾಕಲಿ. ಅದು ಸಿಹಿನೀರಿನದೇ ಜೀವಿ, ಮೀನು ತಿನ್ನುವವರೆಗೆ ಬದುಕಿಯೇ ಇರುತ್ತದೆ. ಬಾಡಿಸ್‌ನಂಥ ಸಣ್ಣ ಬಾಯಿಗೆ ಅದಕ್ಕಿಂತ ಚಿಕ್ಕದಾದ ಮೊಯಿನಾ ಇನ್ನೂ ಸರಿ. ಬೀದಿಬದಿಯ ಹೊಂಡದಿಂದ ಹಿಡಿದು ತಂದರೆ ಮಾತ್ರ ಕೊಡತಿ ಹುಳದ ಮರಿಯೂ ಜೊತೆಗೆ ಬರಬಹುದು. ಅದು ಮೀನನ್ನೇ ತಿನ್ನುತ್ತದೆ.

ಊರಿಗೆ ಹೋಗುವಾಗ ಊಟದ ವ್ಯವಸ್ಥೆ ಬೇಕೆಂದು ಫೀಡರ್ ಮಾಡಲು ಹೊರಟವರಿಗೆ: ಆರೋಗ್ಯವಾಗಿರುವ ಬೆಳೆದ ಮೀನು ಎರಡು ಮೂರು ದಿನ ಏನೂ ತಿನ್ನದೆ ಆರಾಮವಾಗಿರುತ್ತದೆ. ಲೈಟ್ ಆರಿಸಿ ಹೋಗಿಬನ್ನಿ.