ಐದು ಡಾಲರಿನ ಸಸಿ ಗೆದ್ದಿತು: ಮೆಲ್ಬರ್ನ್ ಹಿತ್ತಲಲ್ಲಿ ಮೂರು ವಾಟಲ್

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಗೋಲ್ಡನ್ ವಾಟಲ್‌ಗೆ. ವಾಟಲ್ ಅಂದರೆ ಇಲ್ಲಿನವರ ಬಾಯಲ್ಲಿ ಅಕೇಶಿಯಾ ಗಿಡ. ಅದೂ ಗೇಣುದ್ದದ ಟ್ಯೂಬಿನಂಥ ಸಣ್ಣ ಕುಂಡದಲ್ಲಿ ಐದು ಡಾಲರಿಗೆ ಸಿಕ್ಕ ಸಣಕಲು ಸಸಿಗೆ. ಇಷ್ಟು ತಿಳಿಯುವುದಕ್ಕೆ ಇನ್ನೆರಡು ಗಿಡಗಳಿಗೆ ನೂರು ಡಾಲರಿನ ಮೇಲೆ ಸುರಿದಿದ್ದೇನೆ.

ನಮ್ಮನೆ ಮೆಲ್ಬರ್ನಿನ ಪಶ್ಚಿಮದಲ್ಲಿ, ಟಾರ್ನೀಟ್ ಕಡೆ. ಬೇಸಿಗೆಯಲ್ಲಿ ಬೆರಳು ತೂರುವಷ್ಟು ಬಿರುಕು ಬಿಡುವ, ಚಳಿಗಾಲದಲ್ಲಿ ಬೂಟು ಕಿತ್ತುಕೊಳ್ಳುವ ಜೇಡಿಮಣ್ಣು. ಸಾಲದ್ದಕ್ಕೆ ಗಾಳಿ. 2022ರ ಮೇ ತಿಂಗಳಲ್ಲಿ ಒಂದೇ ಶನಿವಾರ ಮೂರನ್ನೂ ನೆಟ್ಟೆ: ದೊಡ್ಡ ಕುಂಡದ ಕೂಟಮಂಡ್ರಾ ವಾಟಲ್, ಲೈಮ್‌ಲೈಟ್ ಎಂಬ ಕುಳ್ಳ ತಳಿ, ಆಮೇಲೆ ಈ ಐದು ಡಾಲರಿನದು.

ಕೂಟಮಂಡ್ರಾ ನರ್ಸರಿಯಲ್ಲೇ ಆಳೆತ್ತರ ಇತ್ತು. ಬೂದು ಬಣ್ಣದ ನವಿರು ಎಲೆ, ನಮ್ಮ ಸೀಗೆ ಸೊಪ್ಪಿಗೆ ಬೆಳ್ಳಿ ಬಳಿದ ಹಾಗೆ. ಅದೇ ಚಳಿಗಾಲದಲ್ಲಿ ಹೂವನ್ನೂ ಬಿಟ್ಟಿತು. ಮನೆಗೆ ಬಂದವರೆಲ್ಲ ಅದರ ಪಕ್ಕ ನಿಂತು ಫೋಟೋ ತೆಗೆಸಿಕೊಂಡರು.

ಮರುವರ್ಷ ಅಕ್ಟೋಬರಿನ ಒಂದು ಬೆಳಗ್ಗೆ ನೋಡಿದರೆ ಬೇಲಿಗೆ ಒರಗಿ ಮಲಗಿದೆ. ಕೊಂಬೆ ಮುರಿದಿಲ್ಲ, ಕಾಂಡ ಸೀಳಿಲ್ಲ. ಎತ್ತಿ ನಿಲ್ಲಿಸೋಣ ಅಂತ ಹಿಡಿದರೆ ಇಡೀ ಗಿಡ ಸಲೀಸಾಗಿ ಮೇಲೆ ಬಂತು. ಕುಂಡದಿಂದ ತೆಗೆದು ಒಂದೂವರೆ ವರ್ಷ ಆಗಿದ್ದರೂ ಬೇರು ಇನ್ನೂ ಕುಂಡದ ಆಕಾರದಲ್ಲೇ ಇತ್ತು. ಹೆಬ್ಬೆರಳು ದಪ್ಪದ ಬೇರುಗಳು ಚಕ್ಕುಲಿಯ ಹಾಗೆ ಸುತ್ತಿಕೊಂಡಿದ್ದವು. ಹೊರಗಿನ ಮಣ್ಣಿಗೆ ಕಾಲಿಟ್ಟದ್ದು ಕೂದಲೆಳೆಯಂಥ ನಾಲ್ಕೈದು ಬೇರು ಮಾತ್ರ.

ತಪ್ಪು ಅರ್ಧ ನರ್ಸರಿಯವರದು, ಕುಂಡದಲ್ಲಿ ಅಷ್ಟು ದಿನ ಇಟ್ಟುಕೊಂಡಿದ್ದಕ್ಕೆ. ಇನ್ನರ್ಧ ನನ್ನದು. ನಮ್ಮೂರು ಸಾಗರದಲ್ಲಿ ಅಪ್ಪ ತೆಂಗಿಗೆ ಗುಂಡಿ ತೋಡುತ್ತಿದ್ದುದನ್ನು ನೋಡಿ ಬೆಳೆದವನು ನಾನು. ಮೂರಡಿ ತೋಡಿ, ಕುಂಡಕ್ಕೆ ಹಾಕುವ ಸಡಿಲ ಪಾಟಿಂಗ್ ಮಿಕ್ಸ್ ಚೀಲಗಟ್ಟಲೆ ತುಂಬಿ, ಮೇಲೆ ಕೋಳಿಗೊಬ್ಬರ ಹಾಕಿದ್ದೆ. ಒಳಗೆ ಹಾಸಿಗೆಯಂಥ ಮಣ್ಣು, ಸುತ್ತ ಗಟ್ಟಿ ಜೇಡಿ. ಬೇರು ಹೊರಗೆ ಹೋಗುವುದಾದರೂ ಯಾಕೆ? ಮಳೆ ಬಂದರೆ ಆ ಗುಂಡಿ ಬಚ್ಚಲ ತೊಟ್ಟಿ, ನೀರು ಇಳಿಯಲು ದಾರಿಯೇ ಇಲ್ಲ. ಜೇಡಿಯಲ್ಲಿ ಮಾಡಬೇಕಾದ್ದು ಇದರ ತದ್ವಿರುದ್ಧ: ಸಸಿಯ ಬೇರು ಮುಳುಗುವಷ್ಟೇ ಆಳ, ಸುತ್ತ ಅಗಲಕ್ಕೆ ಮಣ್ಣು ಸಡಿಲ, ತೆಗೆದ ಮಣ್ಣನ್ನೇ ವಾಪಸ್ ಹಾಕಿ ಸ್ವಲ್ಪ ದಿಬ್ಬ ಮಾಡಿ ನೆಡುವುದು. ಗೊಬ್ಬರದ ಹಂಗೇ ಬೇಡ. ತೊಗರಿ, ಶೇಂಗಾದ ಹಾಗೆ ಇದರ ಬೇರಿನ ಗಂಟುಗಳಲ್ಲೂ ಬ್ಯಾಕ್ಟೀರಿಯಾ ಇದ್ದು, ಗಾಳಿಯ ಸಾರಜನಕವನ್ನು ಹಿಡಿದು ಕೊಡುತ್ತವೆ.

ಇನ್ನೊಂದು ವಿಷಯ ಆಮೇಲೆ ತಿಳಿಯಿತು. ಕೂಟಮಂಡ್ರಾ ವಾಟಲ್‌ನ ತವರು ನ್ಯೂ ಸೌತ್ ವೇಲ್ಸ್‌ನ ದಕ್ಷಿಣದಲ್ಲಿ ಅದೇ ಹೆಸರಿನ ಊರಿನ ಸುತ್ತಮುತ್ತ ಮಾತ್ರ. ಇಲ್ಲಿ ವಿಕ್ಟೋರಿಯಾದ ಕಾಡುಗಳಲ್ಲಿ ಅದು ಕಳೆ. ಆಸ್ಟ್ರೇಲಿಯಾದ್ದೇ ಗಿಡ ಎಂದ ಮಾತ್ರಕ್ಕೆ ನಮ್ಮ ಬೀದಿಯದು ಆಗುವುದಿಲ್ಲ.

ಲೈಮ್‌ಲೈಟ್ ಬಗ್ಗೆ ಹೆಚ್ಚು ಹೇಳಲು ಅದು ಹೆಚ್ಚು ದಿನ ಬದುಕಲಿಲ್ಲ. ಕೂದಲು ಇಳಿಬಿಟ್ಟಂಥ ಎಳೆಹಸಿರು ಎಲೆಗಾಗಿ ಬೆಳೆಸುವ ಗಿಡ. ಹೂವಿನ ಆಸೆ ಇದ್ದವರು ಕೊಳ್ಳಲೇಬಾರದು. 2022ರ ಅಕ್ಟೋಬರಿನಲ್ಲಿ ಮರಿಬಿರ್ನಾಂಗ್ ನದಿ ಉಕ್ಕಿದ ವಾರ ಇದರ ಗುಂಡಿಯೂ ತುಂಬಿತು. ತಿಂಗಳೊಳಗೆ ಪೊರಕೆ ಕಡ್ಡಿ.

ಈಗ ಗೋಲ್ಡನ್. ಎರಡು ಗುಂಡಿ ತೋಡುವ ಹೊತ್ತಿಗೆ ನನ್ನ ಸೊಂಟ ಬಿದ್ದಿತ್ತು, ಗೊಬ್ಬರವೂ ಮುಗಿದಿತ್ತು. ಗುದ್ದಲಿಯಿಂದ ಒಂದು ಕೆತ್ತು ಕೆತ್ತಿ, ಸಸಿ ತುರುಕಿ, ಒಂದು ಬಕೆಟ್ ನೀರು ಹೊಯ್ದು ಒಳಗೆ ಹೋದೆ. ಬದುಕಿದ್ದು ಅದೇ! ಇದೇನು ಪವಾಡವಲ್ಲ. ಹೆದ್ದಾರಿಯಲ್ಲಿ ಜೀಲಾಂಗ್ ಕಡೆ ಹೋಗುವಾಗ ಬಲಕ್ಕೆ ಕಾಣುವ ಯೂ ಯಾಂಗ್ಸ್ ಬೆಟ್ಟಗಳಲ್ಲಿ ಇದು ತಾನಾಗೇ ಬೆಳೆಯುತ್ತದೆ.

ಎಳೆ ಸಸಿಯನ್ನು ಹತ್ತಿರದಿಂದ ನೋಡಬೇಕು. ಮೊದಮೊದಲ ಎಲೆಗಳು ಹುಣಸೆ ಎಲೆಯ ಥರ. ಆಮೇಲೆ ಬರುವವುಗಳಲ್ಲಿ ತೊಟ್ಟು ಚಪ್ಪಟೆಯಾಗುತ್ತಾ, ತುದಿಯ ಗರಿ ಚಿಕ್ಕದಾಗುತ್ತಾ, ಕೊನೆಗೆ ತೊಟ್ಟೇ ಎಲೆಯ ಕೆಲಸ ವಹಿಸಿಕೊಳ್ಳುತ್ತದೆ. ದೊಡ್ಡ ಮರದಲ್ಲಿ ನಾವು ಎಲೆ ಅನ್ನುವುದೆಲ್ಲ ಅಗಲವಾದ ತೊಟ್ಟು.

ಆರೈಕೆ ಅಂದರೆ ಹೂ ಮುಗಿದ ಮೇಲೆ ತುದಿಗಳನ್ನು ಸವರುವುದು. ಎಲೆಯಿಲ್ಲದ ಹಳೇ ಕೊಂಬೆವರೆಗೆ ಕತ್ತರಿಸಿದರೆ ಅಲ್ಲಿ ಮತ್ತೆ ಚಿಗುರುವುದು ಕಷ್ಟ. ಶಿಲೀಂಧ್ರದಿಂದ ಕಂದು ಗಂಟು ಬಂದರೆ ಕತ್ತರಿಸಿ ಕಸಕ್ಕೆ ಹಾಕುತ್ತೇನೆ. ಆಯಸ್ಸು ಕಡಿಮೆ, ಹತ್ತು-ಹದಿನೈದು ವರ್ಷ ಅಂತಾರೆ. ಐದು ಡಾಲರಿಗೆ ನನಗದು ಧಾರಾಳ.

ನಾವು ಪ್ರತಿ ಡಿಸೆಂಬರಿಗೆ ಆರು ವಾರ ಊರಿಗೆ ಹೋಗುವವರು. ಇಲ್ಲಿ ಆಗ ಸುಡುಬೇಸಿಗೆ. ಮೊದಲ ಬೇಸಿಗೆಯಲ್ಲಿ ಪಕ್ಕದ ಮನೆಯವರು ವಾರಕ್ಕೊಮ್ಮೆ ಬಕೆಟ್ ನೀರು ಹಾಕಿದರು. ಈಗ ಅದೂ ಬೇಡ. ಮನೆಯಲ್ಲೇ ಇದ್ದು ದಿನಾ ಪೈಪು ಹಿಡಿಯುವವರಿಗೆ ಬೇರೆ ಗಿಡ ಒಗ್ಗಬಹುದು.

ಅಪ್ಪನಿಗೆ ಮಾತ್ರ ಇದನ್ನು ಒಪ್ಪಿಸಲಾಗಿಲ್ಲ. ಮಲೆನಾಡಿನ ಗುಡ್ಡಗಳಲ್ಲಿ ಅಕೇಶಿಯಾ ನೆಡುತೋಪು ನೋಡಿ ರೋಸಿದವರು. "ದುಡ್ಡು ಕೊಟ್ಟು ಅಕೇಶಿಯಾ ನೆಟ್ಯೇನೋ ಮಾರಾಯ?" ಅಂದರು. ಆ ನೆಡುತೋಪಿನದರ ತವರು ಉತ್ತರ ಆಸ್ಟ್ರೇಲಿಯಾ ಕಡೆ, ಇದು ಬೇರೆ ಜಾತಿ, ಇಲ್ಲಿ ರಾಷ್ಟ್ರೀಯ ಹೂವು, ನಿಮ್ಮ ಟಿವಿಯಲ್ಲಿ ಕಾಣುವ ಕ್ರಿಕೆಟಿಗರ ಹಸಿರು-ಹಳದಿ ಇದರದ್ದೇ ಬಣ್ಣ ಅಂದೆ. "ಹ್ಞೂಂ" ಅಂದರು.

ಸೆಪ್ಟೆಂಬರ್ 1 ಇಲ್ಲಿ ವಾಟಲ್ ದಿನ. 2024ರಲ್ಲಿ ಗಣೇಶನ ಹಬ್ಬ 7ನೇ ತಾರೀಕು ಬಂತು, ನಮ್ಮ ಮರದ ಮೊದಲ ಹೂವೂ ಅದೇ ಚಳಿಗಾಲದ್ದು. ಬಟಾಣಿ ಗಾತ್ರದ ಹಳದಿ ಉಂಡೆಗಳ ಎರಡು ಗೊಂಚಲು ಗಣಪತಿಗೆ ಏರಿಸಿದೆವು. ಸಂಜೆ ಹೊತ್ತಿಗೆ ಪರಾಗವೆಲ್ಲ ಉದುರಿ, ತಟ್ಟೆಯಲ್ಲಿದ್ದ ಮೋದಕಕ್ಕೆ ಅರಿಸಿನ ಚಿಮುಕಿಸಿದಂತಿತ್ತು.