ಕಾರಿಗೆ ಪಾಲಿಶ್ ಮಾಡಿಸಲು ಹೊರಟಿರುವ ಹುಬ್ಬಳ್ಳಿ-ಧಾರವಾಡದವರೇ, ಮೊದಲು ಇದನ್ನು ಓದಿ

ಇಪ್ಪತ್ತಾರು ಸಾವಿರ ರೂಪಾಯಿ. ಮನೆಯಲ್ಲಿ ಹನ್ನೆರಡು ಎಂದು ಹೇಳಿದ್ದೇನೆ. ಇದನ್ನು ಓದಿದರೆ ಮನೆಯವರಿಗೆ ಗೊತ್ತಾಗುತ್ತದೆ, ಗೊತ್ತಾಗಲಿ. ಸಿಟ್ಟು ಅಷ್ಟಿದೆ.

ಕಾರು ಆಡಿ ಟಿಟಿ, ಎರಡನೇ ತಲೆಮಾರಿನದು, ಕೆಂಪು ಬಣ್ಣ. ಬೆಂಗಳೂರಿನಿಂದ ಸೆಕೆಂಡ್ ಹ್ಯಾಂಡ್ ತಂದದ್ದು. ಹುಬ್ಬಳ್ಳಿಯ ರಸ್ತೆಗೆ ಸ್ಪೋರ್ಟ್ಸ್ ಕಾರು ಏಕೆ ಎಂದು ಕೇಳಬೇಡಿ. ಪ್ರತಿ ಹಂಪಿನಲ್ಲಿ ಹೊಟ್ಟೆ ಉಜ್ಜಿದಾಗಲೆಲ್ಲ ನಾನೇ ಕೇಳಿಕೊಳ್ಳುತ್ತೇನೆ. ನಲ್ಲಿಯಲ್ಲಿ ದಿನಗಟ್ಟಲೆ ನೀರು ಬರದ ಊರಿನಲ್ಲಿ ಕಾರಿಗೆ ಸ್ನಾನ ಎಲ್ಲಿಂದ? ಬೆಳಿಗ್ಗೆ ಒಣ ಬಟ್ಟೆಯಲ್ಲಿ ಒರೆಸುವುದೇ ರೂಢಿ. ಧೂಳಿನ ಮೇಲೆ ಒಣ ಬಟ್ಟೆ ಆಡಿಸಿದರೆ ಏನಾಗಬೇಕೋ ಅದೇ ಆಗಿತ್ತು. ಬಿಸಿಲಿಗೆ ನಿಲ್ಲಿಸಿದರೆ ಬಾನೆಟ್ ತುಂಬ ಜೇಡರ ಬಲೆಯಂಥ ಸಣ್ಣ ಗೀರುಗಳು. ಅದು ಸಾಲದೆಂಬಂತೆ ದುರ್ಗದಬೈಲಿನಲ್ಲಿ ಯಾರದೋ ಬೈಕಿನ ಹ್ಯಾಂಡಲ್ ತಾಗಿ ಬಾಗಿಲ ಮೇಲೆ ಒಂದು ಗೇಣು ಉದ್ದದ ಗೀರು. ಉಗುರು ಆಡಿಸಿದರೆ ತಡೆಯುತ್ತಿತ್ತು.

ಉಗುರು ತಡೆಯುವ ಗೀರು ಪಾಲಿಶ್‌ಗೆ ಹೋಗುವುದಿಲ್ಲ. ಇದು ನನಗೆ ಮೊದಲೇ ಗೊತ್ತಿತ್ತು. ಗೊತ್ತಿದ್ದೂ ಹೋದೆ. ನಾಚಿಕೆ ಇರುವುದು ಅಲ್ಲೇ.

ಆಯುಧ ಪೂಜೆಗೆ ಹತ್ತು ದಿನ ಇತ್ತು. ಅಂಗಡಿಯ ಹೆಸರು ಬರೆಯುವುದಿಲ್ಲ. ಗಾಜಿನ ಬಾಗಿಲು, ಒಳಗೆ ಸಾಲು ಸಾಲು ಟ್ಯೂಬ್‌ಲೈಟು, ಬಂದ ಕೂಡಲೇ ಚಹಾ. ಮಾಲೀಕರು ಗೀರಿನ ಮೇಲೆ ಬೆರಳನ್ನೂ ಇಡದೆ, ದೂರದಿಂದಲೇ ನೋಡಿ ಹೇಳಿದರು: "ಸಾಹೇಬರೇ, ನೂರಕ್ಕೆ ನೂರು ಹೋಗುತ್ತದೆ. ಮೂರು ಹಂತದ ಕರೆಕ್ಷನ್, ಮೇಲೆ ಸೆರಾಮಿಕ್, ಒಂಬತ್ತು ಎಚ್ ಗಟ್ಟಿತನ. ಕಲ್ಲು ಉಜ್ಜಿದರೂ ಏನೂ ಆಗದು." ಕರೆಕ್ಷನ್ ಎಂದರೆ ಗೀರು ಹೋಗುವಂತೆ ಪಾಲಿಶ್ ಮಾಡುವುದು, ಸೆರಾಮಿಕ್ ಎಂದರೆ ಅದರ ಮೇಲೆ ಹಚ್ಚುವ ರಕ್ಷಣೆಯ ಲೇಪ. ಒಂಬತ್ತು ಎಚ್ ಎನ್ನುವುದು ಪೆನ್ಸಿಲ್ಲಿನ ಅಳತೆ ಎಂದು ಆಮೇಲೆ ತಿಳಿಯಿತು. ಪೆನ್ಸಿಲ್ಲಿನಿಂದ ಗೀಚಿದರೆ ಗೀರು ಬೀಳುತ್ತದೋ ಇಲ್ಲವೋ ಎಂದು ನೋಡುವ ಪರೀಕ್ಷೆ ಅದು. ಕಲ್ಲಿನ ಮಾತು ಅವರ ಸ್ವಂತದ್ದು.

ಬಣ್ಣದ ದಪ್ಪ ಅಳೆಯುವ ಮೀಟರನ್ನೂ ತೋರಿಸಿದರು. ಬಾಗಿಲಿಗೆ ಇಟ್ಟರೆ 128 ಮೈಕ್ರಾನ್. ಬಾನೆಟ್ಟಿಗೆ ಇಟ್ಟರೆ ಏನೂ ಬರಲಿಲ್ಲ. ಮತ್ತೆ ಇಟ್ಟರು, ಬರಲಿಲ್ಲ. "ಬ್ಯಾಟರಿ ಇಳಿದಿದೆ ಸಾಹೇಬರೇ, ನಮಗೆ ಕೈಯಲ್ಲೇ ತಿಳಿಯುತ್ತದೆ" ಎಂದು ಜೇಬಿಗೆ ಹಾಕಿಕೊಂಡರು. ನಾನು ತಲೆ ಆಡಿಸಿದೆ. ಈ ಕಾರಿನ ಬಾಗಿಲು ಉಕ್ಕಿನದು, ಬಾನೆಟ್ ಅಲ್ಯೂಮಿನಿಯಂ. ಅವರ ಕೈಯಲ್ಲಿದ್ದದ್ದು ಕಬ್ಬಿಣದ ಮೇಲೆ ಮಾತ್ರ ಓದುವ ಅಗ್ಗದ ಮೀಟರ್. ಅಂದರೆ ಬಾನೆಟ್ ಮೇಲೆ ಎಷ್ಟು ಬಣ್ಣ ಇದೆ ಎಂಬುದೇ ಗೊತ್ತಿಲ್ಲದೆ ಯಂತ್ರ ಇಟ್ಟಿದ್ದಾರೆ.

ಎರಡನೇ ದಿನ ನೋಡಲು ಹೋದೆ. ಹುಡುಗನೊಬ್ಬ ಉಣ್ಣೆಯ ಪ್ಯಾಡ್ ಹಾಕಿದ ದೊಡ್ಡ ಯಂತ್ರವನ್ನು ಬಾನೆಟ್ಟಿನ ಅಂಚಿಗೆ ಒತ್ತಿ ಹಿಡಿದಿದ್ದ. ಬಿಳಿ ಪ್ಯಾಡ್ ಕೆಂಪಗಾಗಿತ್ತು. ನಾನು ಏನೆಂದುಕೊಂಡೆ ಗೊತ್ತೇ? ಹಳೆಯ ಕೊಳೆ ಬರುತ್ತಿದೆ, ಕೆಲಸ ಚೆನ್ನಾಗಿ ಆಗುತ್ತಿದೆ ಎಂದುಕೊಂಡೆ! ಫೋಟೊ ಕೂಡ ತೆಗೆದೆ. ಆ ಫೋಟೊ ಇನ್ನೂ ಮೊಬೈಲಿನಲ್ಲಿದೆ.

ಈಗಿನ ಕಾರುಗಳಲ್ಲಿ ಬಣ್ಣದ ಮೇಲೆ ಬಣ್ಣವಿಲ್ಲದ ಕ್ಲಿಯರ್ ಕೋಟ್ ಇರುತ್ತದೆ. ಪಾಲಿಶ್ ತಿನ್ನಬೇಕಾದದ್ದು ಅದನ್ನು, ಅದೂ ಕೂದಲೆಳೆಯಷ್ಟೂ ಅಲ್ಲ. ಇಡೀ ಕ್ಲಿಯರ್ ಕೋಟ್ ಸುಮಾರು 40-50 ಮೈಕ್ರಾನ್, ಜೆರಾಕ್ಸ್ ಹಾಳೆಯ ಅರ್ಧ ದಪ್ಪ. ಅಂಚುಗಳಲ್ಲಿ ಇನ್ನೂ ತೆಳುವಾಗಿರುವುದುಂಟು. ಪ್ಯಾಡಿಗೆ ಕಾರಿನ ಬಣ್ಣವೇ ಅಂಟುತ್ತಿದೆ ಎಂದರೆ ಆ ಪದರ ಮುಗಿಯಿತು ಎಂದರ್ಥ. ಕೆಂಪು ಪ್ಯಾಡ್ ಕಣ್ಣೆದುರೇ ತಿರುಗುತ್ತಿತ್ತು, ನಾನು ಚಹಾ ಕುಡಿಯುತ್ತಾ ನಿಂತಿದ್ದೆ.

ಕಾರು ಕೊಟ್ಟದ್ದು ಸಂಜೆ ಏಳಕ್ಕೆ, ಟ್ಯೂಬ್‌ಲೈಟಿನ ಕೆಳಗೆ. ನಿಜ ಹೇಳಬೇಕೆಂದರೆ ಕನ್ನಡಿಯಂತೆ ಹೊಳೆಯುತ್ತಿತ್ತು. ಬಾಗಿಲ ಗೀರು ಕಾಣಲಿಲ್ಲ. ಮಾಲೀಕರು ವಿಡಿಯೊ ಮಾಡಲು ಮೊಬೈಲ್ ಹಿಡಿದು, "ಸಾಹೇಬರೇ, ಎರಡು ಮಾತು ಹೇಳಿ" ಎಂದರು. ಹೇಳಿದೆ. ಬಾನೆಟ್ ಮೇಲೆ ಕೈ ಇಟ್ಟುಕೊಂಡು, ಹಲ್ಲು ಬಿಟ್ಟುಕೊಂಡು, "ಹೊಸ ಕಾರು ಬಂದಂತಾಗಿದೆ" ಎಂದು ಹೇಳಿದೆ. ಪೂಜೆಯ ದಿನ ಓಣಿಯವರೆಲ್ಲ ನೋಡಿ ಹೊಗಳಿದರು. ಎಲ್ಲಿ ಮಾಡಿಸಿದಿರಿ ಎಂದು ಕೇಳಿದವರಿಗೆಲ್ಲ ವಿಳಾಸ ಕೊಟ್ಟೆ.

ದೀಪಾವಳಿ ಹೊತ್ತಿಗೆ ಮೂರು ಸಲ ಶಾಂಪೂ ಹಾಕಿ ತೊಳೆದಿದ್ದೆ. ಬಾಗಿಲ ಗೀರು ಮೊದಲು ಇಣುಕಿತು. ಆಮೇಲೆ ಬಾನೆಟ್ಟಿನ ಜೇಡರ ಬಲೆ. ಅಂಚಿನಲ್ಲಿ ಎರಡು ಬೆರಳಗಲದ ಮಬ್ಬು, ಎಷ್ಟು ಒರೆಸಿದರೂ ಹೊಳೆಯದ ಜಾಗ.

ಧಾರವಾಡದಲ್ಲಿ ಪರಿಚಯದ ಪೇಂಟರ್ ಕಾಕಾ ಇದ್ದಾರೆ. ಅವರು ಮಾತನಾಡಲಿಲ್ಲ. ಬಾಟಲಿಯಿಂದ ನೀರು ಬೆರೆಸಿದ ಐಸೋಪ್ರೊಪೈಲ್ ಆಲ್ಕೋಹಾಲ್ ಬಟ್ಟೆಗೆ ಹಾಕಿ, ಇನ್ನೂ ಹೊಳೆಯುತ್ತಿದ್ದ ಹಿಂದಿನ ಡಿಕ್ಕಿಯ ಮೇಲೆ ಅಂಗೈ ಅಗಲ ಒರೆಸಿದರು. ಪಾಟಿಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದಾಗ ಅಕ್ಷರ ಹೋದಂತೆ ಕಂಡು, ಒಣಗುತ್ತಿದ್ದಂತೆ ಮತ್ತೆ ಮೂಡುತ್ತದಲ್ಲ, ಹಾಗೆ ಒಂದೊಂದೇ ಗೀರು ಮೇಲೆ ಬಂತು. ಒರೆಸಿದ ಚೌಕದಲ್ಲಿ ಗೀರು, ಸುತ್ತ ಹೊಳಪು. "ತಮ್ಮಾ, ಇದು ಎಣ್ಣೆ. ಗೀರು ತುಂಬಿಸಿದ್ದಾರೆ, ತೆಗೆದಿಲ್ಲ. ಇಂಥದ್ದರ ಮೇಲೆ ಸೆರಾಮಿಕ್ ಹಾಕಿದರೂ ಹಿಡಿಯುವುದಿಲ್ಲ" ಎಂದರು. ಬಾನೆಟ್ಟಿನ ಅಂಚು ನೋಡಿ, "ಇದಕ್ಕೆ ಬಣ್ಣವೇ ಹೊಡೆಯಬೇಕು, ಬೇರೆ ದಾರಿ ಇಲ್ಲ" ಎಂದರು. ನನಗೆ ಅವರ ಮುಖ ನೋಡಲಾಗಲಿಲ್ಲ. ಪೂಜೆಯ ಮರುದಿನ ಅವರಿಗೂ ಕಾರು ತೋರಿಸಿ ಜಂಬ ಕೊಚ್ಚಿದ್ದೆ.

ಅಂಗಡಿಯವರನ್ನು ಕೇಳಿದೆ. ಅವರ ಉತ್ತರಗಳನ್ನು ಬಂದ ಕ್ರಮದಲ್ಲೇ ಬರೆಯುತ್ತೇನೆ. ಮೊದಲ ದಿನ: "ಬಿಸಿಲಲ್ಲಿ ನಿಲ್ಲಿಸಿದ್ದೀರಿ." ಅದು ಕಾರು ಸ್ವಾಮಿ, ಹಪ್ಪಳ ಅಲ್ಲ. ಎರಡನೇ ದಿನ: "ಬೋರ್‌ವೆಲ್ ನೀರು ಹಾಕಿದ್ದೀರಿ." ಗಡಸು ನೀರು ಕಲೆ ಮಾಡುತ್ತದೆ, ಒಪ್ಪುತ್ತೇನೆ, ಆದರೆ ಹೋದ ಗೀರನ್ನು ವಾಪಸ್ ತರುತ್ತದೆಯೇ? ಮೂರನೇ ದಿನ: "ಹಿಂದಿನ ಮಾಲೀಕರು ಬಾನೆಟ್ಟಿಗೆ ಬಣ್ಣ ಹೊಡೆಸಿರಬೇಕು." ಮೀಟರ್ ಓದಲಿಲ್ಲವಲ್ಲ, ಹೇಗೆ ಗೊತ್ತು ಎಂದು ಕೇಳಿದೆ. ಅದಕ್ಕೆ ಉತ್ತರ ಇಲ್ಲ. ಕೊನೆಗೆ ಮೂರು ವರ್ಷದ ವಾರಂಟಿ ಕಾರ್ಡಿನ ಹಿಂಬದಿಯ ಫೋಟೊ ಕಳಿಸಿದರು. ಇರುವೆ ಸಾಲಿನಂಥ ಅಕ್ಷರದಲ್ಲಿ, ಗೀರುಗಳಿಗೆ ಅನ್ವಯಿಸುವುದಿಲ್ಲ ಎಂದಿದೆ. ಗೀರು ತೆಗೆಸಲು ಹೋದವನಿಗೆ ಗೀರನ್ನು ಬಿಟ್ಟ ವಾರಂಟಿ. ಫೋನಿನಲ್ಲಿ ಇಷ್ಟೂ ಹೇಳಿದರು: "ಬೇಕಿದ್ದರೆ ಬನ್ನಿ, ಮತ್ತೊಮ್ಮೆ ರಬ್ಬಿಂಗ್ ಹೊಡೆದು ಕೊಡೋಣ, ನಿಮಗೆಂದು ಬರೀ ನಾಲ್ಕು ಸಾವಿರ." ಉಳಿದ ಪದರವನ್ನೂ ತಿನ್ನುತ್ತಾರಂತೆ, ಅದಕ್ಕೆ ರಿಯಾಯಿತಿಯಂತೆ!

ಮಾಡಿಸಲೇಬೇಕೆಂದಿದ್ದರೆ ಹಗಲಲ್ಲೇ ಕಾರು ತೆಗೆದುಕೊಳ್ಳಿ, ಬಿಸಿಲಿಗೆ ತಂದು ನೋಡಿ. ಕೋಟಿಂಗ್ ಹಾಕುವ ಮುನ್ನ ನಿಮ್ಮೆದುರೇ ಆಲ್ಕೋಹಾಲಿನಲ್ಲಿ ಒರೆಸಿ ತೋರಿಸಲು ಹೇಳಿ, ಒಲ್ಲೆ ಎಂದರೆ ಕೀಲಿ ಇಸಿದುಕೊಂಡು ಬನ್ನಿ. ಮೀಟರ್ ಅಲ್ಯೂಮಿನಿಯಂ ಮೇಲೆ ಓದುತ್ತದೆಯೇ ಎಂದು ಕೇಳಿ. ಉಗುರು ತಡೆಯುವ ಗೀರನ್ನು ನೂರಕ್ಕೆ ನೂರು ತೆಗೆಯುತ್ತೇನೆ ಎಂದವರ ಚಹಾವನ್ನೂ ಕುಡಿಯಬೇಡಿ.

ದುಡ್ಡು ಬರುವುದಿಲ್ಲ, ಬಿಡಿ. ನನ್ನ ವಿಡಿಯೊವನ್ನಾದರೂ ತೆಗೆಯಿರಿ ಎಂದು ಕೇಳಿದೆ. "ಅದು ಚೆನ್ನಾಗಿ ಓಡುತ್ತಿದೆ ಸಾಹೇಬರೇ" ಎಂದರು. ನಿನ್ನೆ ನವನಗರದ ಒಬ್ಬರು ಅದನ್ನೇ ನೋಡಿ, ನನ್ನ ಮಾತು ನಂಬಿ, ಅಲ್ಲಿ ಕಾರು ಬಿಡಲು ಸೋಮವಾರಕ್ಕೆ ಸಮಯ ತೆಗೆದುಕೊಂಡಿದ್ದಾರೆ ಎಂದು ತಿಳಿಯಿತು. ಅವರ ನಂಬರ್ ನನ್ನ ಬಳಿ ಇಲ್ಲ. ಸೋಮವಾರದೊಳಗೆ ಇದನ್ನು ಯಾರಾದರೂ ಅವರಿಗೆ ಮುಟ್ಟಿಸಿ.