ಬೆಕ್ಕಿನ ಪತ್ತೇದಾರಿ ಕತೆ, ಅಂಗೈಯಗಲದ ಪುಸ್ತಕದಂಗಡಿ: ಮಡಿಕೇರಿ ಮಳೆಯಲ್ಲಿ ಕಟ್ಟಿ ನೋಡಿದ ಕಿಟ್

ಮೊದಲೇ ಹೇಳಿಬಿಡುತ್ತೇನೆ. ಮರದ ತುಂಡುಗಳನ್ನು ಅಂಟಿಸಿ ಪುಟ್ಟ ಪುಸ್ತಕದಂಗಡಿ ಕಟ್ಟುವ ಈ ಕಿಟ್ ಕೊಳ್ಳಬಹುದು. ಆದರೆ ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಕೊಡಗಿನಲ್ಲಿ ಕೂತು ಕಟ್ಟುವವರು ಡಬ್ಬಿಯಲ್ಲಿ ಬಂದ ಅಂಟನ್ನು ಮುಟ್ಟಬೇಡಿ. ನಾನು ಮುಟ್ಟಿದೆ, ಒಂದು ಇಡೀ ಗೋಡೆ ಹಾಳಾಯಿತು. ಅದನ್ನು ಆಮೇಲೆ ವಿವರವಾಗಿ ಹೇಳುತ್ತೇನೆ.

ಇದು ಮರದ ಮಿನಿಯೇಚರ್ ಕಿಟ್. ಹಳೆ ಪುಸ್ತಕದಂಗಡಿಯ ಒಂದು ಕೋಣೆ. ಕಪಾಟು, ಏಣಿ, ಗಲ್ಲಾ ಪೆಟ್ಟಿಗೆ, ಕುಶನ್ ಕುರ್ಚಿ, ಕಿಟಕಿ, ಅರವತ್ತು ಚಿಲ್ಲರೆ ಪುಸ್ತಕ, ಒಂದು ಬೆಕ್ಕು. ಎಲ್ಲ 1:24 ಅಳತೆಯಲ್ಲಿ, ಅಂದರೆ ನಿಜದ ಒಂದು ಅಡಿ ಇಲ್ಲಿ ಅರ್ಧ ಇಂಚು. ಆರಡಿ ಬಾಗಿಲು ಮೂರು ಇಂಚು ಇರುತ್ತದೆ. ಜೊತೆಗೆ ಒಂದು ತೆಳ್ಳನೆಯ ಇಂಗ್ಲಿಷ್ ಕತೆ ಪುಸ್ತಕ ಕೊಡುತ್ತಾರೆ, ನಾನು ಇದನ್ನು ಕೊಂಡಿದ್ದೇ ಅದಕ್ಕಾಗಿ. ಕತೆಯಲ್ಲಿ ಇದೇ ಅಂಗಡಿಯಿಂದ ಒಂದು ಹಳೆ ಪುಸ್ತಕ ಕಳುವಾಗುತ್ತದೆ. ಅಂಗಡಿಯ ಬೆಕ್ಕಿಗೆ ಮಾತ್ರ ಏನೋ ಗೊತ್ತು. ಒಂದು ಹಂತ ಕಟ್ಟಬೇಕು, ಒಂದು ಅಧ್ಯಾಯ ಓದಬೇಕು, ಮತ್ತೆ ಕಟ್ಟಬೇಕು. ಸುಳಿವುಗಳೆಲ್ಲ ನಾವು ಅಂಟಿಸುವ ಸಾಮಾನಿನಲ್ಲೇ ಇವೆ. ಉತ್ತರ ಮಾತ್ರ ಅಂಟು ಹಾಕಿ ಮುಚ್ಚಿದ ಲಕೋಟೆಯೊಳಗೆ. ನನಗೆ 2,650 ರೂಪಾಯಿ ಬಿತ್ತು, ಕಟ್ಟಲು 23 ದಿನ ಹಿಡಿಯಿತು. ಅದರಲ್ಲಿ ನಾಲ್ಕು ದಿನ ಮಗಳಿಗೆ ಮಳೆ ರಜೆ, ಕರೆಂಟೂ ಇರಲಿಲ್ಲ, ಕ್ಯಾಂಡಲ್ ಬೆಳಕಿನಲ್ಲಿ ಕಟ್ಟಿದ್ದು.

ನಾಯಿ ಬೆಕ್ಕು ಇರುವ ಪತ್ತೇದಾರಿ ಕತೆಗಳನ್ನು ನಾನು ತುಂಬ ವರ್ಷದಿಂದ ಓದುತ್ತಿದ್ದೇನೆ. ಮಕ್ಕಳ ಪುಸ್ತಕ ಅಲ್ವಾ ಅಂತ ಕೇಳುವವರಿದ್ದಾರೆ. ಅಲ್ಲ. 1892ರಲ್ಲೇ ಷರ್ಲಾಕ್ ಹೋಮ್ಸ್ ಒಂದು ಕುದುರೆಯ ಕೇಸನ್ನು ನಾಯಿಯಿಂದ ಬಿಡಿಸಿದ್ದಾನೆ. ರಾತ್ರಿ ಲಾಯಕ್ಕೆ ಯಾರೋ ಬಂದರು, ನಾಯಿ ಬೊಗಳಲಿಲ್ಲ. ಹಾಗಾದರೆ ಬಂದವನು ನಾಯಿಗೆ ಚೆನ್ನಾಗಿ ಗೊತ್ತಿರುವವನೇ. ಇಷ್ಟೇ. ನಾಯಿ ಅಲ್ಲಿ ಏನೂ ಸಾಹಸ ಮಾಡಲಿಲ್ಲ, ನಾಯಿಯ ಹಾಗೆ ಇತ್ತು ಅಷ್ಟೆ. ನನ್ನ ಪ್ರಕಾರ ಈ ಜಾತಿಯ ಕತೆಯ ಜೀವ ಇರುವುದೇ ಅಲ್ಲಿ. ಪ್ರಾಣಿ ಪ್ರಾಣಿಯಾಗಿಯೇ ಇರಬೇಕು. ಬಿಸಿ ಜಾಗ ಹುಡುಕಿ ಮಲಗುವುದು, ಹೊಸಬರ ಚೀಲ ಮೂಸುವುದು, ಮುಚ್ಚಿದ ಬಾಗಿಲ ಮುಂದೆ ಕೂತು ಕೂಗುವುದು, ದಿನಾ ಕೂರುವ ಜಾಗದಲ್ಲಿ ಒಂದು ದಿನ ಕೂರದೆ ಇರುವುದು. ಅದನ್ನು ನೋಡಿ ಅರ್ಥ ಮಾಡಿಕೊಳ್ಳುವ ಕೆಲಸ ಮನುಷ್ಯರದ್ದು. ಅಮೆರಿಕದ ಲಿಲಿಯನ್ ಜಾಕ್ಸನ್ ಬ್ರೌನ್ 1966ರಲ್ಲಿ ಶುರು ಮಾಡಿದ ಸಯಾಮಿ ಬೆಕ್ಕಿನ ಸರಣಿ 1968ರಲ್ಲಿ ಮೂರು ಪುಸ್ತಕಕ್ಕೆ ನಿಂತು, ಹದಿನೆಂಟು ವರ್ಷ ಬಿಟ್ಟು 1986ರಲ್ಲಿ ಮತ್ತೆ ಶುರುವಾಯಿತು, ಆಮೇಲೆ ಜನ ಅದನ್ನು ಬಿಡಲೇ ಇಲ್ಲ. ಜಪಾನಿನಲ್ಲಿ 1978ರಿಂದ ಒಂದು ಸರಣಿ ಇದೆ, ಅದರ ಪತ್ತೇದಾರಿ ಮೂರು ಬಣ್ಣದ ಹೆಣ್ಣು ಬೆಕ್ಕು. ನಮ್ಮ ಮನೆಯ ಮುತ್ತಿಯೂ ಮೂರು ಬಣ್ಣದವಳೇ. ಮೂರು ಬಣ್ಣದ ಬೆಕ್ಕುಗಳು ಹೆಚ್ಚುಕಡಿಮೆ ಎಲ್ಲವೂ ಹೆಣ್ಣೇ ಆಗಿರುತ್ತವೆ, ಗಂಡು ಸಿಗುವುದು ತೀರಾ ಅಪರೂಪ.

ಈ ಕಿಟ್‌ನ ಕತೆ ಆ ಲೆಕ್ಕದಲ್ಲಿ ಮುಕ್ಕಾಲು ಪಾಲು ಗೆದ್ದಿದೆ. ಮೂರನೇ ಅಧ್ಯಾಯದಲ್ಲಿ ಬೆಕ್ಕು ತನ್ನ ಕುರ್ಚಿ ಬಿಟ್ಟು ಏಣಿಯ ಕೆಳಗೆ ಮಲಗುತ್ತದೆ. ಯಾಕೆ ಅಂತ ಕತೆ ಹೇಳುವುದಿಲ್ಲ. ಅದೇ ಹೊತ್ತಿಗೆ ನಾವು ಕಿಟಕಿ ಕೂರಿಸುತ್ತಿರುತ್ತೇವೆ, ದೀಪದ ವೈರ್ ಎಳೆಯುತ್ತಿರುತ್ತೇವೆ, ಬಿಸಿಲು ಎಲ್ಲಿ ಬೀಳುತ್ತದೆ ಅಂತ ಕೈಯಲ್ಲಿ ಹಿಡಿದು ನೋಡಿದಾಗ ಪಕ್ಕನೆ ಹೊಳೆಯುತ್ತದೆ. ಕೈಯಿಂದ ಮಾಡುತ್ತಾ ಕೇಸು ಬಿಡಿಸುವ ಆ ಖುಷಿ ಸುಮ್ನೆ ಓದುವಾಗ ಸಿಗುವುದಿಲ್ಲ. ಆದರೆ ಐದನೇ ಅಧ್ಯಾಯದಲ್ಲಿ ಬೆಕ್ಕು ಪಂಜದಿಂದ ಒಂದು ಪುಸ್ತಕ ಎಳೆದು, ಕಳ್ಳನ ಹೆಸರಿರುವ ಸಾಲಿನ ಮೇಲೆ ಕಾಲಿಡುತ್ತದೆ. ನನಗೆ ಬೇಜಾರಾಯಿತು. ಯಾವ ಬೆಕ್ಕು ಹಾಗೆ ಮಾಡುತ್ತದೆ? ಅಷ್ಟು ಚೆನ್ನಾಗಿ ಬಂದ ಕತೆಗೆ ಅದು ಬೇಕಿರಲಿಲ್ಲ.

ಕೊಲೆ, ಕಳವಿಗೂ ಪುಟ್ಟ ಮನೆಗೂ ಎತ್ತಣ ಸಂಬಂಧ ಅನ್ನಿಸಬಹುದು. ಸಂಬಂಧ ಹಳೆಯದು. 1940ರ ದಶಕದಲ್ಲಿ ಅಮೆರಿಕದ ಫ್ರಾನ್ಸಿಸ್ ಗ್ಲೆಸ್ನರ್ ಲೀ ಅನ್ನುವ ಹೆಂಗಸು ಪೊಲೀಸರಿಗೆ ತರಬೇತಿ ಕೊಡಲು ಸಾವು ನಡೆದ ಕೋಣೆಗಳ ಪುಟ್ಟ ಮಾದರಿಗಳನ್ನು ಮಾಡಿಸಿದರು. 1:12 ಅಳತೆ, ಅಡಿಗೆ ಒಂದು ಇಂಚು. ಬೊಂಬೆಗಳ ಕಾಲುಚೀಲವನ್ನು ಗುಂಡುಪಿನ್ನುಗಳಲ್ಲಿ ತಾವೇ ಹೆಣೆಯುತ್ತಿದ್ದರಂತೆ. ಅವುಗಳಲ್ಲಿ ಹದಿನೆಂಟು ಈಗಲೂ ಬಾಲ್ಟಿಮೋರ್‌ನಲ್ಲಿವೆ, ತರಬೇತಿಗೆ ಬಳಕೆಯಲ್ಲೂ ಇವೆ, ಅದಕ್ಕೇ ಉತ್ತರಗಳನ್ನು ಹೊರಗೆ ಹೇಳುವುದಿಲ್ಲ. ಈ ಕಿಟ್‌ನವರ ಮುಚ್ಚಿದ ಲಕೋಟೆ ನೋಡಿದಾಗ ನನಗೆ ನೆನಪಾಗಿದ್ದು ಅದೇ.

ಈಗ ಅಂಟಿನ ವಿಷಯ.

ಡಬ್ಬಿಯಲ್ಲಿ ಬರುವುದು ಬಿಳಿ ಅಂಟು, ನಮ್ಮ ಫೆವಿಕಾಲ್ ಜಾತಿಯದ್ದು. ಇಂಥ ಅಂಟು ಗಟ್ಟಿಯಾಗಬೇಕಾದರೆ ಅದರೊಳಗಿನ ನೀರು ಹೋಗಬೇಕು. ಜುಲೈಯ ಮಡಿಕೇರಿಯಲ್ಲಿ ನೀರು ಎಲ್ಲಿಗೆ ಹೋಗುತ್ತದೆ ಹೇಳಿ. ಒಗೆದ ಬಟ್ಟೆ ಮೂರು ದಿನವಾದರೂ ಹಸಿ ಹಸಿ, ಮಂಜು ಕಿಟಕಿಯಿಂದ ಒಳಗೇ ಬರುತ್ತದೆ, ಚಪ್ಪಲಿಗೆ ಬೂಷ್ಟು ಹಿಡಿಯುತ್ತದೆ. ರಾತ್ರಿ ಅಂಟಿಸಿದ ಎಡಗೋಡೆ ಬೆಳಿಗ್ಗೆ ಜಾರಿ ಓರೆಯಾಗಿ ನಿಂತಿತ್ತು. ಅಷ್ಟೇ ಆಗಿದ್ದರೆ ಸರಿ ಮಾಡಬಹುದಿತ್ತು. ಮೂರು ಮಿಲಿಮೀಟರಿನ ಪ್ಲೈವುಡ್ ಒಂದೇ ಬದಿಯಲ್ಲಿ ಅಂಟಿನ ನೀರು ಕುಡಿದು ಹಪ್ಪಳದ ಹಾಗೆ ಬಾಗಿತು. ಗೋಡೆಗೆ ಹಚ್ಚಿದ ಹೂವಿನ ಕಾಗದದಲ್ಲಿ ವಾರದೊಳಗೆ ಕಪ್ಪು ಚುಕ್ಕಿ. ಕಂಪನಿಗೆ ಎರಡು ಸಲ ಮೇಲ್ ಮಾಡಿದೆ, ಫೋಟೋ ಕಳಿಸಿದೆ, ಇವತ್ತಿನವರೆಗೆ ಉತ್ತರ ಇಲ್ಲ. ಇಷ್ಟು ಕಷ್ಟಪಟ್ಟು ಇಷ್ಟು ಚಂದದ ವಸ್ತು ಮಾಡುವವರು ಕೊಂಡವರ ಮಾತು ಕೇಳಬೇಕಿತ್ತು. ಸೂಚನೆಯ ಹಾಳೆಯಲ್ಲಿ ‘ಒಣ ಜಾಗದಲ್ಲಿ ಕಟ್ಟಿ’ ಅಂತ ಒಂದು ಸಾಲು ಹಾಕಿದ್ದರೂ ಸಾಕಿತ್ತು.

ಆಮೇಲೆ ನಾನು ಮಾಡಿದ್ದನ್ನು ಬರೆಯುತ್ತೇನೆ, ನಮ್ಮ ಕಡೆಯವರಿಗೆ ಉಪಯೋಗಕ್ಕೆ ಬರಬಹುದು. ಪ್ರತಿ ಹಲಗೆಯನ್ನು ಸ್ಯಾಂಡ್ ಪೇಪರಿನಿಂದ ಉಜ್ಜಿ, ಎರಡೂ ಬದಿಗೆ ತೆಳುವಾಗಿ ವಾರ್ನಿಷ್ ಹೊಡೆದೆ. ಎರಡೂ ಬದಿಗೆ, ಇದು ಮುಖ್ಯ. ಒಂದೇ ಬದಿಗೆ ಹೊಡೆದರೆ ಮತ್ತೆ ಬಾಗುತ್ತದೆ. ಅಂಟು ಹಿಡಿಯಬೇಕಾದ ಅಂಚುಗಳನ್ನು ಮಾತ್ರ ವಾರ್ನಿಷ್ ತಾಗದ ಹಾಗೆ ಬಿಟ್ಟೆ. ಒಣಗಿಸಲು ಪಕ್ಕದ ಮನೆಯ ಆಂಟಿಯ ಸೌದೆ ಒಲೆಯ ಮೇಲಿನ ಅಟ್ಟ ಸಿಕ್ಕಿತು. ಅವರು ಮಳೆಗಾಲದಲ್ಲಿ ಹಂದಿ ಮಾಂಸವನ್ನು ಹೊಗೆಗೆ ಇಡುವ ಜಾಗ ಅದು. ನನ್ನ ಪುಸ್ತಕದಂಗಡಿಗೆ ಈಗಲೂ ಸಣ್ಣಗೆ ಹೊಗೆಯ ವಾಸನೆ ಇದೆ, ನನಗೆ ಅದು ಇಷ್ಟವೇ ಆಗಿದೆ.

ಸಣ್ಣ ಮರದ ಜೋಡಣೆಗೆಲ್ಲ ಸೂಪರ್ ಗ್ಲೂ ಬಳಸಿದೆ. ಅದು ಬಿಳಿ ಅಂಟಿಗೆ ಪೂರಾ ಉಲ್ಟಾ, ಗಾಳಿಯ ತೇವದಿಂದಲೇ ಗಟ್ಟಿಯಾಗುತ್ತದೆ. ಹಾಗಾಗಿ ನಮ್ಮ ಮಳೆಯಲ್ಲಿ ಚೆನ್ನಾಗಿ ಹಿಡಿಯುತ್ತದೆ. ಆದರೆ ಕಿಟಕಿಯ ಪಾರದರ್ಶಕ ಹಾಳೆಯ ಹತ್ತಿರ ಅದನ್ನು ತರಲೇಬೇಡಿ. ಅದರ ಆವಿ ಬಡಿದು ಹಾಳೆಯ ಮೇಲೆ ಬಿಳಿ ಮಬ್ಬು ಕೂರುತ್ತದೆ, ತೇವ ಜಾಸ್ತಿ ಇದ್ದಷ್ಟೂ ಮಬ್ಬು ಜಾಸ್ತಿ. ನಾನು ಹಾಳೆಯನ್ನು ಅಂಟಿಸದೆ ಎರಡು ಚೌಕಟ್ಟಿನ ನಡುವೆ ಸಿಕ್ಕಿಸಿದೆ.

ಬೆಕ್ಕಿನ ಬಗ್ಗೆ ನನ್ನ ದೊಡ್ಡ ತಕರಾರಿದೆ. ಕಿಟ್‌ನ ಬೆಕ್ಕು ಕೂತಿರುವ ಭಂಗಿಯಲ್ಲಿ ಎರಡೂವರೆ ಸೆಂಟಿಮೀಟರ್ ಎತ್ತರ ಇದೆ. ಇಪ್ಪತ್ತನಾಲ್ಕರಿಂದ ಗುಣಿಸಿ ನೋಡಿ, ಅರವತ್ತು ಸೆಂಟಿಮೀಟರ್! ಅದು ಬೆಕ್ಕಲ್ಲ, ತೋಟ ಕಾಯುವ ನಾಯಿ. ಕುರ್ಚಿಯ ಮೇಲೆ ಕೂರಿಸಿದರೆ ಕುರ್ಚಿಯೇ ಕಾಣುವುದಿಲ್ಲ. ಕತೆಯಲ್ಲಿ ಅದು ಕಪಾಟಿನ ಎರಡು ಪುಸ್ತಕಗಳ ನಡುವೆ ನುಸುಳುತ್ತದೆ, ಈ ಬೆಕ್ಕು ನುಸುಳಲು ಸಾಧ್ಯವೇ ಇಲ್ಲ. ಸುಳಿವು ಕೋಣೆಯಲ್ಲೇ ಇದೆ ಅಂತ ಹೇಳಿ ಅಳತೆ ತಪ್ಪಿದರೆ ಓದುವವರಿಗೆ ಮೋಸ ಮಾಡಿದಂತೆ. ನಾನು ಮುತ್ತಿ ಕೂತಾಗ ಸ್ಕೇಲ್ ಹಿಡಿದು ಅಳೆದೆ. ಕಿವಿ ತುದಿಯವರೆಗೆ 37 ಸೆಂಟಿಮೀಟರ್ ಬಂತು, ಅಂದರೆ ಪುಟ್ಟ ಬೆಕ್ಕು ಒಂದೂವರೆ ಸೆಂಟಿಮೀಟರ್ ಇರಬೇಕು. ಎಂ-ಸೀಲ್ ಕಲಸಿ ನಾನೇ ಮಾಡಿದೆ. ಗಾಳಿಗೆ ಒಣಗುವ ಜೇಡಿ ಈ ಹವೆಯಲ್ಲಿ ದಿನಗಟ್ಟಲೆ ಹಸಿಯಾಗೇ ಇರುತ್ತದೆ. ಎಂ-ಸೀಲ್ ಒಣಗಬೇಕಾಗಿಯೇ ಇಲ್ಲ, ಎರಡು ಭಾಗ ಸೇರಿದ ಮೇಲೆ ತಾನಾಗೇ ಗಟ್ಟಿಯಾಗುತ್ತದೆ. ಮೀಸೆಗೆ ಹಳೆ ಬ್ರಷ್ಷಿನ ಎರಡು ಕೂದಲು. ಮೂರು ಬಣ್ಣ ಹಚ್ಚಲು ಒಂದು ಸಂಜೆ ಪೂರ್ತಿ ಹೋಯಿತು. ಈಗ ಅದು ಕುರ್ಚಿಯ ಮೂಲೆಯಲ್ಲಿ ಸರಿಯಾಗಿ ಕೂತಿದೆ, ಕಪಾಟಿನೊಳಗೂ ಹಿಡಿಸುತ್ತದೆ.

ಆ ಕುರ್ಚಿಯೇ ಒಂದು ದಿನ ಕಾಣೆಯಾಗಿತ್ತು. ಮೇಜಿನ ಮೇಲಿಟ್ಟು ಮಲಗಿದ್ದೆ, ಬೆಳಿಗ್ಗೆ ಇಲ್ಲ. ಮಗಳಿಗೆ ಹನ್ನೊಂದು ವರ್ಷ, ಅವಳು ನೋಟ್‌ಬುಕ್ ತಂದು ಕೂತಳು. ‘ಅಮ್ಮಾ, ನೀನು ಹುಡುಕಬೇಡ, ಮುತ್ತಿ ಎಲ್ಲಿ ಮಲಗ್ತಾಳೆ ಅಂತ ನೋಡು’ ಅಂದಳು. ಕುರ್ಚಿಗೆ ಹೊದಿಸಿದ್ದು ಮೆತ್ತನೆಯ ಉಣ್ಣೆ ಬಟ್ಟೆ, ಮುತ್ತಿ ಮೆತ್ತನೆಯದ್ದನ್ನು ಬಾಯಲ್ಲಿ ಕಚ್ಚಿಕೊಂಡು ಹೋಗುತ್ತಾಳೆ, ಮಳೆ ಬಂದರೆ ಒಣ ಜಾಗಕ್ಕೇ ಹೋಗುತ್ತಾಳೆ. ಹಿತ್ತಿಲ ಬಾಗಿಲ ಹತ್ತಿರ ಒಂದು ಕೆಂಪು ಎಳೆ ಸಿಕ್ಕಿತು. ಅಲ್ಲಿದ್ದ ಗಂಬೂಟಿನೊಳಗೆ ಕೈ ಹಾಕಿದರೆ ಕುರ್ಚಿ! ಮಗಳ ಮುಖ ನೋಡಬೇಕಿತ್ತು. ಕಿಟ್‌ನ ಕತೆಗಿಂತ ಅವಳಿಗೆ ಈ ಕೇಸೇ ಹೆಚ್ಚು ಹಿಡಿಸಿತು.

ಇದರಿಂದ ಒಂದು ಗಂಭೀರವಾದ ಮಾತು. ದೀಪಗಳಿಗೆ ಎರಡು ಬಟನ್ ಸೆಲ್ ಕೊಟ್ಟಿದ್ದಾರೆ, ಅವನ್ನು ಇಡುವ ಪ್ಲಾಸ್ಟಿಕ್ ಡಬ್ಬಿಗೆ ಸ್ಕ್ರೂ ಇಲ್ಲ, ಉಗುರಿನಲ್ಲಿ ತೆಗೆಯಬಹುದು. ಕುರ್ಚಿ ಕಚ್ಚಿಕೊಂಡು ಹೋದ ಬೆಕ್ಕು ಸೆಲ್ಲನ್ನೂ ಒಯ್ಯಬಹುದು. ಪುಟ್ಟ ಮಕ್ಕಳು ನುಂಗಿದರಂತೂ ಬಟನ್ ಸೆಲ್ ಕೆಲವೇ ಗಂಟೆಯಲ್ಲಿ ಅನ್ನನಾಳವನ್ನು ಸುಡುತ್ತದೆ, ತಕ್ಷಣ ಆಸ್ಪತ್ರೆಗೆ ಓಡಬೇಕು. ನಾನು ಅದನ್ನು ಕಿತ್ತು ಎರಡು ಪೆನ್ಸಿಲ್ ಸೆಲ್ ಹಿಡಿಸುವ, ಸ್ಕ್ರೂ ಇರುವ ಡಬ್ಬಿ ಹಾಕಿಸಿದೆ. ಅದೂ ಮೂರು ವೋಲ್ಟೇ, ದೀಪ ಅಷ್ಟೇ ಚೆನ್ನಾಗಿ ಉರಿಯುತ್ತದೆ, ಜಾಸ್ತಿ ದಿನ ಬರುತ್ತದೆ.

ಪುಸ್ತಕಗಳು ಹೊರಗಿನಿಂದ ಚಂದ, ಒಳಗೆ ಬರೀ ಮರದ ತುಂಡು. ಇಂಗ್ಲೆಂಡಿನ ರಾಣಿ ಮೇರಿಗೆ ಅಂತ 1921ರಿಂದ 1924ರವರೆಗೆ ಕಟ್ಟಿದ ಬೊಂಬೆಮನೆ ವಿಂಡ್ಸರ್ ಕೋಟೆಯಲ್ಲಿದೆ. ಅದರ ಲೈಬ್ರರಿಯ ಪುಟ್ಟ ಪುಸ್ತಕಗಳಲ್ಲಿ ನಿಜವಾದ ಬರಹ ಇದೆ, ಕಾನನ್ ಡಾಯ್ಲ್ ಅದಕ್ಕೆಂದೇ ಹೋಮ್ಸ್‌ನ ಒಂದು ಪುಟಾಣಿ ಕತೆ ಬರೆದುಕೊಟ್ಟಿದ್ದಾರೆ. ಅದನ್ನು ಓದಿದ್ದ ನೆನಪಿಗೆ ನಾನೂ ಮಗಳೂ ಒಂದು ಮರದ ತುಂಡು ತೆಗೆದು, ಒಂಬತ್ತು ಮಿಲಿಮೀಟರ್ ಎತ್ತರದ ಹನ್ನೆರಡು ಪುಟ ಹೊಲಿದು, ಗಂಬೂಟಿನ ಕೇಸನ್ನು ಅದರಲ್ಲಿ ಬರೆದೆವು. ಪುಟಕ್ಕೆ ಮೂರೇ ಪದ ಹಿಡಿಸಿತು.

ಮರ ಕತ್ತರಿಸಿರುವ ಕೆಲಸಕ್ಕೆ ಪೂರ್ತಿ ಅಂಕ. ಲೇಸರ್ ಕಟಿಂಗ್ ಎಷ್ಟು ಸರಿಯಾಗಿದೆ ಎಂದರೆ ಏಣಿಯ ಮೆಟ್ಟಿಲು ಅಂಟಿಲ್ಲದೆಯೂ ನಿಲ್ಲುತ್ತದೆ. ಚಿತ್ರಗಳು ಸ್ಪಷ್ಟವಾಗಿವೆ, ಇಂಗ್ಲಿಷ್ ಬಾರದವರೂ ನೋಡಿ ಕಟ್ಟಬಹುದು. ಜೊತೆಗೆ ಕೊಟ್ಟ ಚಿಮುಟ ಮಾತ್ರ ಬಾಗುತ್ತದೆ, ಬೇರೆ ತೆಗೆದುಕೊಳ್ಳಿ. ಉಳಿದ ಕಡ್ಡಿಗಳು ಬೇಕಾದಷ್ಟಿದ್ದವು. ಅವುಗಳಲ್ಲಿ ಆಂಟಿಯ ಐನ್‌ಮನೆಯ, ಅಂದರೆ ಕೊಡವರ ಮನೆತನದ ಮೂಲ ಮನೆಯ, ಜಗಲಿ ಮಾಡಲು ಕೂತೆ. ಕಂಬಗಳ ನಡುವೆ ಕೂರುವ ಮರದ ಹಲಗೆ, ಐಮರ, ಅದನ್ನು ನಾನು ಬೆಂಚಿನ ಹಾಗೆ ಕಾಲು ಕೊಟ್ಟು ಮಾಡಿದ್ದೆ. ಆಂಟಿ ಕನ್ನಡಕ ಹಾಕಿಕೊಂಡು ನೋಡಿ, ‘ಇದಕ್ಕೆ ಕಾಲಿಲ್ಲ ಮಗಾ, ಕಂಬಕ್ಕೇ ಸೇರಿಸಿರ್ತಾರೆ, ಅಗಲ ಇನ್ನೂ ಬೇಕು, ನಮ್ಮ ಅಜ್ಜ ಅದರ ಮೇಲೆ ಮಲಗ್ತಾ ಇದ್ರು’ ಅಂದರು. ಕಿತ್ತು ಮತ್ತೆ ಮಾಡುತ್ತಿದ್ದೇನೆ. ಮಲಗುವವರ ಅಳತೆ ತೆಗೆದುಕೊಂಡೇ ಮಾಡುತ್ತಿದ್ದೇನೆ.

ಹತ್ತು ವರ್ಷ ದಾಟಿದ ಮಕ್ಕಳ ಜೊತೆ ದೊಡ್ಡವರು ಕೂತು ಕಟ್ಟಲು ಒಳ್ಳೆಯ ಕಿಟ್. ಐದಕ್ಕೆ ಮೂರೂವರೆ ಕೊಡುತ್ತೇನೆ. ಅಂಟು, ಬೆಕ್ಕಿನ ಅಳತೆ, ಸೆಲ್ಲಿನ ಡಬ್ಬಿ ಸರಿ ಮಾಡಿದರೆ ಐದಕ್ಕೆ ಐದು. ಕಟ್ಟುವುದಾದರೆ ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಕಟ್ಟಿ. ಕಳ್ಳ ಯಾರು ಅಂತ ನಾನೂ ಮಗಳೂ ಬೇರೆ ಬೇರೆ ಚೀಟಿಯಲ್ಲಿ ಬರೆದಿಟ್ಟಿದ್ದೇವೆ, ಹೆಸರು ಒಂದೇ ಅಲ್ಲ. ಲಕೋಟೆ ಫ್ರಿಜ್ ಮೇಲಿದೆ, ಇನ್ನೂ ಒಡೆದಿಲ್ಲ. ಶನಿವಾರ ಆಂಟಿಯೂ ಅವರ ಊಹೆ ಹೇಳುತ್ತೇನೆ ಅಂದಿದ್ದಾರೆ, ಅವರು ಬರಲಿ ಅಂತ ಕಾಯುತ್ತಿದ್ದೇವೆ.